ಮೂರನೇ ಮೇಜಿನ ಹೂಂ

"ಒಂದು ಎಲ್ಲಿ ಹೋತು?"

ಫಕೀರವ್ವ ಈ ಪ್ರಶ್ನೆಯನ್ನು ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿದ್ದ ಜುಬೇದಾಳಿಗೂ ಅಲ್ಲ, ಬೆನ್ನ ಹಿಂದೆ ನಿಂತಿದ್ದ ಇಂದುಮತಿ ಟೀಚರಿಗೂ ಅಲ್ಲ. ಗಟ್ಟಿಯಾಗಿ ಕೇಳಿ, ಪರದೆಯನ್ನೇ ನೋಡುತ್ತ ಕುಳಿತಳು. ಆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯ ರೀತಿಯೇ ಹಾಗಿತ್ತು. ಬರೆದದ್ದನ್ನು ಮೊದಲು ಸಾಲು ಸಾಲಾಗಿ ಬಾಯಿಬಿಟ್ಟು ಹೇಳಬೇಕು. ಸಿಕ್ಕಿಬಿದ್ದರೆ ಪ್ರಶ್ನೆಯನ್ನು ಗಾಳಿಗೆ ಬಿಡಬೇಕು. ಅದರಿಂದಲೂ ಆಗದಿದ್ದರೆ ಟೀಚರನ್ನು ಕರೆಯಬಹುದು, ಆದರೆ ಕರೆದರೂ ಅವರು ಉತ್ತರ ಹೇಳುತ್ತಿರಲಿಲ್ಲ. ಮಕ್ಕಳ ಕೀಲಿಮಣೆಯನ್ನು ಮುಟ್ಟುವುದಂತೂ ಇಲ್ಲವೇ ಇಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜುಗಳ ನಡುವೆ ಓಡಾಡುವ ಅವರ ನಡಿಗೆಯನ್ನು ಹುಡುಗರು ಮೈದಾನದಲ್ಲಿ ಅಣಕಿಸಿ ನಗುತ್ತಿದ್ದರು.

ಫಕೀರವ್ವನ ಮುಂದಿದ್ದ ಹೂಂ ಪೆಟ್ಟಿಗೆಯೂ ಸುಮ್ಮನಿತ್ತು.

ಜೋಳ ಅಳೆಯುವ ಸೇರಿನಷ್ಟು ದೊಡ್ಡದು ಆ ಪೆಟ್ಟಿಗೆ. ಪ್ರತಿ ಮಗುವಿನ ಮುಂದೆಯೂ ಒಂದು. ಅದಕ್ಕೆ ಬರುವ ಮಾತು ಒಂದೇ: ಹೂಂ. ಮಗು ತನ್ನ ಪ್ರೋಗ್ರಾಮಿನ ಸಾಲನ್ನು ಓದಿ, ಈ ಸಾಲು ಇಂಥದ್ದನ್ನು ಮಾಡುತ್ತದೆ ಎಂದು ಹೇಳುತ್ತದೆ. ಹೇಳಿದ್ದಕ್ಕೂ ಬರೆದದ್ದಕ್ಕೂ ತಾಳೆಯಾದರೆ ಪೆಟ್ಟಿಗೆ ಹೂಂ ಎನ್ನುತ್ತದೆ. ತಾಳೆಯಾಗದ ಕಡೆ ಸುಮ್ಮನಿರುತ್ತದೆ. ಕೆಂಪು ಗೆರೆಯಿಲ್ಲ, ಗದರಿಕೆಯಿಲ್ಲ, ಸುಳಿವಿಲ್ಲ. ಬರಬೇಕಾದಲ್ಲಿ ಒಂದು ಹೂಂ ಬರುವುದಿಲ್ಲ, ಅಷ್ಟೇ. ಆ ಮೌನದೊಳಗೆ ಮಗು ತಾನಾಗಿಯೇ ಹಿಂತಿರುಗಿ ನೋಡಬೇಕು.

ಇದು ಇಂದುಮತಿಯವರ ತವರಿನಿಂದ ಬಂದ ರೂಢಿ. ಅವರ ತಂದೆ ಊರ ಮಠದಲ್ಲಿ ಶ್ರಾವಣವಿಡೀ ರಾಗವಾಗಿ ಕಾವ್ಯ ಓದುತ್ತಿದ್ದರು. ಪುಟ್ಟ ಇಂದುಮತಿಯ ಕೆಲಸ ಕಂಬಕ್ಕೊರಗಿ ಕುಳಿತು ಪದ್ಯಪದ್ಯಕ್ಕೂ ಹೂಂಗುಡುವುದು. "ಹೂಂ ಅನ್ನಾವ್ರು ಇರಲಿಲ್ಲಂದ್ರ ದೇವರ ಕಥಿನೂ ಗ್ವಾಡಿಗೆ ಹೇಳಿದಂಗ ನೋಡವ್ವಾ," ಎನ್ನುತ್ತಿದ್ದರು ತಂದೆ. ಒಂದು ಸಲ ತೂಕಡಿಸಿ ಅವಳ ಹೂಂ ತಪ್ಪಿತು. ತಂದೆ ಓದು ನಿಲ್ಲಿಸಿದರು, ಹಾಳೆಯ ಮೇಲೆ ಬೆರಳಾಡಿಸಿದರು. ತಾವೇ ನಡುವೆ ಒಂದು ಸಾಲನ್ನು ಹಾರಿಸಿ ಓದಿದ್ದರು. ಬಾರದ ಹೂಂ ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿತ್ತು.

ಟೀಚರಾದ ಮೇಲೆ ಇಂದುಮತಿ ಮಕ್ಕಳನ್ನು ಜೋಡಿಯಾಗಿ ಕೂಡಿಸಿ, ಒಬ್ಬರು ಹೇಳುವುದು ಇನ್ನೊಬ್ಬರು ಹೂಂಗುಡುವುದು ಎಂದು ರೂಢಿ ಹಾಕಿದರು. ಆ ವರ್ಷ ಮಕ್ಕಳು ಕಲಿತದ್ದನ್ನು ಕೇಳಿ, ಶಾಲೆಗಳ ಕಂಪ್ಯೂಟರ್ ಯೋಜನೆ ನಡೆಸುವ ಧಾರವಾಡದ ಕೇಂದ್ರದವರು ಬಂದರು. ನೋಡಿದರು, ಬರೆದುಕೊಂಡರು, ಆಮೇಲೆ ಈ ಶಾಲೆಗೂ ಸುತ್ತಲಿನ ಶಾಲೆಗಳಿಗೂ ಪೆಟ್ಟಿಗೆ ಮಾಡಿಕೊಂಡು ಬಂದರು. ಯಾರ ದನಿ ಹಾಕುವುದೆಂಬ ಮಾತು ಬಂದಾಗ ಇಂದುಮತಿಯವರದೇ ಇರಲಿ ಎಂದಾಯಿತು. ದನಿ ಹಿಡಿದ ದಿನ ಅವರಿಗೆ ನೆಗಡಿಯಾಗಿತ್ತು. ಹಾಗಾಗಿ ಅಷ್ಟೂ ಶಾಲೆಗಳ ಪೆಟ್ಟಿಗೆಗಳು ತುಸು ಮೂಗಿನಿಂದಲೇ ಹೂಂ ಎನ್ನುತ್ತಿದ್ದವು.

ಫಕೀರವ್ವ ಒಂಬತ್ತನೆಯ ತರಗತಿ. ತಂದೆ ದ್ಯಾಮಪ್ಪ ಕಾಳಿನ ಪೇಟೆಯಲ್ಲಿ ಹಮಾಲ. ಅಪ್ಪನಿಗಾಗಿಯೇ ಅವಳು ಒಂದು ಪ್ರೋಗ್ರಾಮ್ ಬರೆಯಲು ಹೊರಟಿದ್ದಳು: ಲಾರಿಗೆ ಏರಿದ ಚೀಲಗಳಿಗೆ ಒಂದೊಂದಾಗಿ ಅಂಕಿ ಕೊಡುವುದು, ಕೊನೆಗೆ ಒಂದರಿಂದ ಹಿಡಿದು ಎಲ್ಲ ಅಂಕಿಗಳೂ ಇವೆಯೇ ಎಂದು ನೋಡುವುದು. ಎಲ್ಲವೂ ಸಿಗುತ್ತಿದ್ದವು. ಒಂದು ಮಾತ್ರ ಸಿಗುತ್ತಿರಲಿಲ್ಲ. ಸಿಗದ್ದಕ್ಕೆ ಪ್ರೋಗ್ರಾಮ್ ಮತ್ತೆ ಮೊದಲಿನಿಂದ ಹುಡುಕುತ್ತಿತ್ತು. ಮತ್ತೆ ಸಿಗುತ್ತಿರಲಿಲ್ಲ, ಮತ್ತೆ ಹುಡುಕುತ್ತಿತ್ತು.

ತಪ್ಪು ಅವಳ ಮನೆಯದು. ಪೇಟೆಯಲ್ಲಿ ಕಾಳು ಅಳೆಯುವಾಗ, ಚೀಲ ಎಣಿಸುವಾಗ, ಯಾರೂ ಒಂದು ಎಂದು ಶುರು ಮಾಡುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುತ್ತಾರೆ. ಮೊದಲ ಮಾತು ಶುಭವಾಗಿರಲಿ ಎಂದು. ಕಂಪ್ಯೂಟರಿನ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂದು ಟೀಚರು ಹೇಳಿದ್ದರು. ಫಕೀರವ್ವ ಸೊನ್ನೆಯ ಜಾಗದಲ್ಲಿ ಲಾಭವನ್ನು ಕೂರಿಸಿದಳು. ಲಾಭವಾದ ಮೇಲೆ ಅಪ್ಪ ಹೇಳುವಂತೆ ಎರಡು. ಒಂದಕ್ಕೆ ಕೂರಲು ಜಾಗವೇ ಉಳಿದಿರಲಿಲ್ಲ.

ಇಂದುಮತಿಯವರಿಗೆ ಇದು ಮೊದಲ ದಿನವೇ ಹೊಳೆದಿತ್ತು. ಎಷ್ಟು ಚೆಂದದ ತಪ್ಪು, ಹುಡುಗಿ ತಾನೇ ಹಿಡಿಯಲಿ ಎಂದು ಕಾದಿದ್ದರು. ಜುಬೇದಾಳಿಗೂ ಹೊಳೆದಿತ್ತು. ಅವಳಿಗೆ ಮಾತ್ರ ತಡೆಯಲಾಗಲಿಲ್ಲ.

"ಏ, ನಾ ಹೇಳ್ಲೇನ? ನಿಮ್ಮಪ್ಪ ಚೀಲ ಎಣಸೂಮುಂದ ಏನಂತಾನ..."

ಫಕೀರವ್ವ ಎರಡೂ ಅಂಗೈಗಳಿಂದ ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿದು, ಕೂಗಿ ಕೂಗಿ ಮಗ್ಗಿ ಹೇಳತೊಡಗಿದಳು: "ಹದಿನೇಳ ಒಂದ್ಲೆ ಹದಿನೇಳು! ಹದಿನೇಳ ಎರಡ್ಲೆ ಮೂವತ್ನಾಕು!"

"ಹೇಳಂಗಿಲ್ಲ ಬಿಡ ಮಾರಾಯ್ತಿ, ಕಿವಿ ತಗಿ!"

ಇಡೀ ತರಗತಿ ನಕ್ಕಿತು. ಟೀಚರೂ ನಕ್ಕರು. ಅಷ್ಟರಲ್ಲಿ ಗಂಟೆಯಾಯಿತು. ಫಕೀರವ್ವ ಪ್ರೋಗ್ರಾಮನ್ನು ಮುಚ್ಚದೆ ಹಾಗೇ ಬಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಓಡಿದಳು. ಪರೀಕ್ಷೆ ಬಂತು, ಬೇಸಿಗೆ ರಜೆ ಬಂತು. ರಜೆಯಲ್ಲಿ ಅವಳಿಗೆ ಜ್ವರ ಬಂತು. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ತಡವಾಗಿತ್ತು.

*

ಜೂನಿನಲ್ಲಿ ಶಾಲೆ ತೆರೆದಾಗ ಮೂರನೇ ಮೇಜಿನ ಫಕೀರವ್ವನ ಕುರ್ಚಿಯಲ್ಲಿ ಯಾರೂ ಕೂಡಲಿಲ್ಲ. ಕೂಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಜುಬೇದಾ ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸ್ವಲ್ಪ ಸರಿಸಿಕೊಂಡಳು.

ಮೊದಲ ಪೀರಿಯಡ್. ಮಕ್ಕಳು ತಂತಮ್ಮ ಸಾಲುಗಳನ್ನು ಗುನುಗುತ್ತಿದ್ದರು. ಪೆಟ್ಟಿಗೆಗಳು ಅಲ್ಲೊಂದು ಇಲ್ಲೊಂದು ಹೂಂ ಎನ್ನುತ್ತಿದ್ದವು. ಇಂದುಮತಿಯವರಿಗೆ ಆ ಗದ್ದಲ ಎಂದರೆ ಪ್ರೀತಿ. ಜಾತ್ರೆಯಿಲ್ಲದ ದಿನದ ಗುಡಿಯಂತೆ, ಸಣ್ಣದಾಗಿ, ಎಡೆಬಿಡದೆ. ಅದರ ನಡುವೆ ಖಾಲಿ ಕುರ್ಚಿಯ ಮುಂದಿನಿಂದ ಒಂದು ಹೂಂ ಬಂತು.

ಯಾರೂ ಏನೂ ಹೇಳಿರಲಿಲ್ಲ.

ಸ್ವಲ್ಪ ತಡೆದು ಇನ್ನೊಂದು ಹೂಂ. ಮತ್ತೊಂದು. ಯಾರೋ ನಿಧಾನವಾಗಿ ಹೇಳುತ್ತಿದ್ದಾರೆ, ಪೆಟ್ಟಿಗೆ ಕಿವಿಗೊಟ್ಟು ಕೇಳುತ್ತಿದೆ ಎನ್ನುವ ಹಾಗೆ. ಉಳಿದ ಮಕ್ಕಳ ಗುನುಗು ಒಂದೊಂದಾಗಿ ನಿಂತಿತು. ಮೂರನೇ ಮೇಜು ಇನ್ನೂ ಮೂರು ನಾಲ್ಕು ಸಲ ಹೂಂ ಎಂದಿತು. ಆಮೇಲೆ ಮುಂದಿನದು ಬರಬೇಕಾದ ಜಾಗದಲ್ಲಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಮತ್ತೆ ಮೊದಲಿನಿಂದ: ಹೂಂ.

"ಟೀಚರ್ರ," ಎಂದಳು ಜುಬೇದಾ, ತಲೆ ಎತ್ತದೆ. "ಅಲ್ಲೇ ನಿಂತಾಳ್ರಿ. ಒಂದರ ಹತ್ರ."

ಇಂದುಮತಿ ಗೋಡೆಯ ಪ್ಲಗ್ಗಿನ ಕಡೆಗೆ ಎರಡು ಹೆಜ್ಜೆ ನಡೆದರು. ನಡುವೆಯೇ ನಿಂತರು. ಆ ದನಿ ತಮ್ಮದು. ಯಾರೋ ಹೇಳುತ್ತಿರುವಾಗ ಹೂಂ ನಿಲ್ಲಿಸಿ ಎದ್ದು ಹೋಗುವುದನ್ನು ಅವರು ಯಾವತ್ತೂ ಕಲಿತಿರಲಿಲ್ಲ. ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿಕೊಂಡರು.

ಪ್ರತಿ ಪೀರಿಯಡ್ಡಿನಲ್ಲೂ ಅದೇ ಆಯಿತು. ಮಕ್ಕಳು ಅಳಲಿಲ್ಲ, ಓಡಲಿಲ್ಲ. ಒಂದೇ ಬದಲಾವಣೆಯೆಂದರೆ ಮೂರನೇ ಮೇಜಿನ ಹೂಂ ನಿಂತಾಗ ಎಲ್ಲರೂ ತಮ್ಮ ಮಾತು ನಿಲ್ಲಿಸಿ, ಅದು ಮತ್ತೆ ಶುರುವಾಗುವವರೆಗೆ ಕಾಯುತ್ತಿದ್ದರು. ಆ ಕಾಯುವಿಕೆ ಇಂದುಮತಿಯವರ ಮನೆಗೂ ಬಂತು. ಗಂಡ ಏನಾದರೂ ಹೇಳುತ್ತಿದ್ದರೆ ಅವರ ಬಾಯಿಂದ ಹೂಂ ಹೊರಡುತ್ತಿರಲಿಲ್ಲ.

"ಕೇಳಾಕತ್ತೀ ಇಲ್ಲೋ?" ಎಂದು ಗಂಡ ಗೊಣಗುತ್ತಿದ್ದರು.

*

ಧಾರವಾಡದ ಕೇಂದ್ರದಲ್ಲಿ ಒಂದು ಗೋಡೆಯ ತುಂಬ ಸಣ್ಣ ದೀಪಗಳು. ಒಂದೊಂದು ದೀಪ ಒಂದೊಂದು ಪೆಟ್ಟಿಗೆ. ಮಗು ಮಾತಾಡುವಾಗ ಹಸಿರು, ಸುಮ್ಮನಿರುವಾಗ ಹಳದಿ. ಪೆಟ್ಟಿಗೆಯನ್ನು ರೂಪಿಸಿದ ಎಂಜಿನಿಯರ್ ವಾದಿರಾಜ, ಈ ಹೂಂ ಏನೆಂದು ಕೇಳಲು ಬಂದ ಇಂದುಮತಿಯವರನ್ನು ಕೂಡಿಸಿ, ತಾನೇ ಚಹಾ ತಂದುಕೊಟ್ಟ.

"ಮಾತಾಡದ ಹುಡುಗರೂ ಇರ್ತಾರಲ್ರಿ ಟೀಚರ್, ನಾಚಿಕಿ ಇರೋವು. ಅವಕ್ಕೂ ಹೂಂ ಬೇಕಲ್ಲ. ಅದಕ್ಕ ಏನ್ ಮಾಡೇವಿ ಅಂದ್ರ, ಹುಡುಗಿ ಹ್ಯಾಂಗ ವಿಚಾರ ಮಾಡ್ತದ ಅನ್ನೋದನ್ನ ಪೆಟ್ಟಿಗಿ ದಿನಾ ಕಲೀತದ. ಬಾಯಿ ಬಿಡದಿದ್ರೂ ಒಳಗ ಈಗ ಯಾವ ಸಾಲು ಓಡಿರಬೇಕು ಅಂತ ಊಹಿಸಿ ಹೂಂ ಅಂತದ. ನಾವು ಅದಕ್ಕ ನೆರಳು ಅಂತೇವಿ. ಕೆಲಸ ಮುಗೀತಂದ್ರ ನೆರಳು ತಾನ ಅಳಿಸಿ ಹೋಗ್ತದ. ಈ ಹುಡುಗಿ ಕೆಲಸ ಮುಗಸಿಲ್ಲ."

"ಹಂಗಾದ್ರ ಅದರೊಳಗ ಅಕಿ ಅದಾಳೇನ್ರಿ?"

"ಛೇ, ಇಲ್ರಿ. ಬಂಡಿ ಹೋದ ಮ್ಯಾಲ ಗಾಲಿ ಜಾಡು ಉಳೀತದಲ್ಲ, ಹಂಗ."

"ಜಾಡು ತಾನ ನಡ್ಯಂಗಿಲ್ಲಲ್ರಿ."

ವಾದಿರಾಜ ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ಅವನು ಕೆಟ್ಟವನಲ್ಲ. ಅವನ ಕಣ್ಣು ಗೋಡೆಯ ಮೇಲಿನ ಒಂದು ದೀಪದ ಕಡೆಗೆ ಹೋಗಿ ಬಂದದ್ದನ್ನು ಇಂದುಮತಿ ನೋಡಿದರು. ಆ ಒಂದು ದೀಪ ಮಾತ್ರ ಶಾಲೆ ಬಿಟ್ಟ ಮೇಲೂ ಹಳದಿಯಾಗಿ ಉರಿಯುತ್ತದೆಯಂತೆ.

"ನಿಮಗ ಹೇಳಬೇಕಂತಿದ್ದೆ," ಎಂದ. "ಹೊಸ ಮಾಸ್ತರ್‌ಗಳಿಗೆ ಕಲಿಸೋದನ್ನ ಕಲಿಸ್ಲಿಕ್ಕೆ ನಮಗ ತಪ್ಪು ಮಾಡೋ ವಿದ್ಯಾರ್ಥಿ ಬೇಕು. ನಿಜವಾದ ಹುಡುಗರು ಕಲತು ಮುಂದ ಹೋಗಿಬಿಡ್ತಾರ. ಈ ನೆರಳು ಹೋಗಂಗಿಲ್ಲ. ಎಷ್ಟು ಸಲ ಸಿಕ್ಕೊಂಡ್ರೂ ಬ್ಯಾಸರಿಲ್ಲದ ಮತ್ತ ಮೊದಲಿಂದ ಶುರು ಮಾಡ್ತದ. ಸೋಮವಾರ ಇದರ ನಕಲು ತಗದು ರಾಜ್ಯದ ಎಲ್ಲಾ ತರಬೇತಿ ಕೇಂದ್ರಕ್ಕ ಹಾಕ್ತೇವಿ. ಹೆಸರು ಹಾಕಂಗಿಲ್ಲ. ಅವರಪ್ಪ ಶಾಲಿಗೆ ಸೇರಿಸೋ ಮುಂದ ಒಪ್ಪಿಗಿ ಕೊಟ್ಟಾರ."

"ಅಲ್ಲಿ ಏನ್ ಮಾಡ್ತೈತಿ ಅದು?"

"ಇದನ್ನ. ಒಂದು ಎಲ್ಲಿ ಹೋತು ಅಂತ ಕೇಳ್ತಿರ್ತದ. ಮಾಸ್ತರ್ ಮಂದಿ ಅದಕ್ಕ ಹ್ಯಾಂಗ ಕಲಿಸಬೇಕಂತ ರೂಢಿ ಮಾಡ್ಕೋತಾರ. ಅವರು ಕಲಿಸಿ ಮುಗಿಸಿದ್ರ ಆ ನಕಲು ತಗದು ಮತ್ತ ಹೊಸಾದು ಇಡ್ತೇವಿ. ಮೊದಲಿಂದ."

ಇಂದುಮತಿ ತಮ್ಮ ಲೋಟವನ್ನು ಕೆಳಗಿಟ್ಟರು. "ಸೋಮವಾರದೊಳಗ ನಾ ಅದಕ್ಕ ಕಲಿಸಿಬಿಟ್ರ?"

"ಪ್ರೋಗ್ರಾಮ್ ಮುಗೀತದ, ನೆರಳು ಅಳೀತದ. ನಕಲಿಗೆ ಏನೂ ಉಳ್ಯಂಗಿಲ್ಲ." ವಾದಿರಾಜ ದನಿ ತಗ್ಗಿಸಿದ. "ಹೊರಗಿಂದ ನೀವ ಸಾಲು ತಿದ್ದಿದ್ರ ನಡ್ಯಂಗಿಲ್ರಿ, ನೆರಳು ತನ್ನ ಹಳೇ ಸಾಲನ್ನ ಮತ್ತ ಬರೀತದ. ನೀವು ಹೇಳಬೇಕು, ಅದು ಕೇಳಬೇಕು, ಕೇಳಿ ತಾನ ತಿದ್ದಬೇಕು. ಅದು ಏನು ಅಂತದ ಅನ್ನೋದನ್ನ ಪರದೆ ಮ್ಯಾಲ ನೋಡೋ ಕಿಟಕಿ ಅದ. ಹ್ಯಾಂಗ ತಗೀಬೇಕಂತ ತೋರಿಸ್ತೇನಿ. ಆದ್ರ ಕೈಮುಗೀತೇನಿ ಟೀಚರ್, ಕಲಿಸಬ್ಯಾಡ್ರಿ."

ತೋರಿಸಬಾರದ್ದನ್ನು ಯಾಕೆ ತೋರಿಸಿದನೆಂದು ಅವನಿಗೂ ಗೊತ್ತಿದ್ದಂತಿರಲಿಲ್ಲ.

*

ದ್ಯಾಮಪ್ಪನ ಮನೆ ಪೇಟೆಯ ಹಿಂದೆ. ಬಾಗಿಲಲ್ಲಿ ಚೀಲ ಎತ್ತುವ ಕೊಕ್ಕೆ ನೇತುಹಾಕಿತ್ತು. ಒಳಗೆ ಅವನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಬೆಂದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ, ಯಾರಿಗೂ ಕೇಳಿಸದಷ್ಟು ಸಣ್ಣಗೆ, "ಲಾಭ... ಎರಡು..." ಎನ್ನುತ್ತಿದ್ದಳು. ಇಂದುಮತಿ ಮುಖ ಬೇರೆ ಕಡೆ ತಿರುಗಿಸಿದರು.

ಎಲ್ಲವನ್ನೂ ಹೇಳಿದರು. ಮುಚ್ಚಿಡಲು ಮನಸ್ಸಾಗಲಿಲ್ಲ. ಪೆಟ್ಟಿಗೆ ಹೂಂ ಎನ್ನುತ್ತಿರುವುದು, ನೆರಳು, ಸೋಮವಾರ.

ನೀಲವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ಮನ್ಯಾಗೂ ಹಂಗ ಮಾಡ್ತಿದ್ಲ್ರಿ. ಒಲಿ ಮುಂದ ಕುಂತು ಅದೇನೇನೋ ಓದಾಕಿ. ಯವ್ವಾ ಹೂಂ ಅನ್ನ, ಹೂಂ ಅನ್ನ ಅಂತ ಜೀವಾ ತಿನ್ನಾಕಿ. ನನಗೇನ ತಿಳೀತೈತ್ರಿ? ರೊಟ್ಟಿ ಕಡೆ ನೋಡ್ಕೊಂತ ಸುಳ್ಳಸುಳ್ಳ ಹೂಂ ಅಂತಿದ್ದೆ. ತಪ್ಪಿದ್ದಲ್ಲೂ ಹೂಂ, ಸರಿ ಇದ್ದಲ್ಲೂ ಹೂಂ. 'ನೀ ಪೆಟಗಿಕಿಂತ ಕಡೆ' ಅಂತ ಬೈತಿದ್ಲು."

ದ್ಯಾಮಪ್ಪ ನಕ್ಕ. ನಗು ಅರ್ಧಕ್ಕೇ ಮುಗಿಯಿತು. "ಅಕಿ ಎಲ್ಲಿ ನಿಂತಾಳಂದ್ರಿ?"

ಇಂದುಮತಿ ಲಾಭದ ಕತೆಯನ್ನು ಬಿಡಿಸಿ ಹೇಳಿದರು. ಅವನು ಕೇಳುತ್ತ ಕೇಳುತ್ತ ತನ್ನ ಅಂಗೈಯನ್ನೇ ನೋಡಿಕೊಂಡ.

"ನಾನ ಕಲಿಸಿದ್ದು," ಎಂದ. "ಸಣ್ಣಾಕಿ ಇದ್ದಾಗ ಚೀಲದ ಮ್ಯಾಲ ಕುಂದರ್ಸಿ ಎಣಿಸಿ ತೋರಿಸ್ತಿದ್ದೆ. ಮೊದಲ ಚೀಲಕ್ಕ ಒಂದು ಅಂದ್ಲಂದ್ರ ಬಾಯಿ ಮ್ಯಾಲ ಬೆರಳ ಇಡ್ತಿದ್ದೆ."

ಒಲೆಯ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಯಾರೂ ಎತ್ತಲಿಲ್ಲ.

"ಟೀಚರ್ರ, ಹೊಸ ಮಾಸ್ತರ್ರು ಬಂದಬಂದಂಗ ಅವರ ಮುಂದ ನನ್ನ ಮಗಳು ತಪ್ಪು ಮಾಡ್ಕೊಂತ ಕೂಡಬೇಕೇನ್ರಿ? ಅವರು ತಿದ್ದಿದ್ರೂ ಮತ್ತ ತಪ್ಪು ಮಾಡಾಕ ಕುಂದರಸ್ತಾರಂದ್ರ ಅದ್ಯಾವ ನ್ಯಾಯ್ರಿ? ಅದು ಅಕಿ ಹೌದೋ ಅಲ್ಲೋ ನಂಗ ಗೊತ್ತಿಲ್ಲ. ಆದ್ರ ಅಕಿ ಹಂಗನ ಕೇಳತೈತಲ್ಲ." ಅವನು ಎದ್ದು ನಿಂತು ಕೈ ಮುಗಿದ. "ನೀವು ಹೇಳಿಬಿಡ್ರಿ. ಒಂದ ಮಾತು. ಲಾಭ ಅಂದ್ರ ಒಂದವ್ವಾ ಅಂತ. ದಾಟಸ್ರಿ ಅಕಿನ್ನ."

ಯಾವ ಮಗುವಿಗೂ ತಾವು ಉತ್ತರ ಹೇಳಿಕೊಟ್ಟವರಲ್ಲ ಎಂದು ಇಂದುಮತಿಯವರ ನಾಲಿಗೆಯ ತುದಿಗೆ ಬಂತು. ಆ ಮುಗಿದ ಕೈಗಳ ಮುಂದೆ ಅದು ದೊಡ್ಡ ಮಾತಾಗಿ ಕಾಣಲಿಲ್ಲ.

"ನಾಳೆ ಶನಿವಾರ ಐತಿ," ಎಂದರು. "ಸಾಲಿ ಬಿಟ್ಟ ಮ್ಯಾಲ ಬರ್ರಿ."

ನೀಲವ್ವ ಬರುವುದಿಲ್ಲವೆಂದಳು. "ಹೂಂ ಅಂತೈತಿ ಅಂದ್ರ ಅಕಿ ಏನೋ ಹೇಳಾಕತ್ತಾಳಂತಾತು. ಪೆಟಗಿಗೆ ಕೇಳ್ತೈತಿ. ಹಡದಾಕಿಗೆ ಕೇಳಂಗಿಲ್ಲ. ನಾ ಹ್ಯಾಂಗ ಕುಂದರಲ್ರಿ ಅಲ್ಲಿ?"

*

ಶನಿವಾರ ಅರ್ಧ ದಿನದ ಶಾಲೆ. ಮಕ್ಕಳೆಲ್ಲ ಹೋದ ಮೇಲೆ ದ್ಯಾಮಪ್ಪ ನಲ್ಲಿಯಲ್ಲಿ ಕಾಲು ತೊಳೆದುಕೊಂಡು, ಚಪ್ಪಲಿಯನ್ನು ದೂರ ಬಿಟ್ಟು ಒಳಗೆ ಬಂದ. ಗುಡಿಗೆ ಬಂದವರ ಹಾಗೆ ಬಾಗಿಲ ಹೊಸ್ತಿಲನ್ನು ಮುಟ್ಟಿಕೊಂಡ. ಜುಬೇದಾಳ ಕುರ್ಚಿಯ ಅಂಚಿನಲ್ಲಿ ಕುಳಿತ. ಕಿಟಕಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಪೇಟೆಯ ಕಡೆಯಿಂದ ಲಾರಿಗೆ ಚೀಲ ಏರಿಸುವವರ ಕೂಗು ಕೇಳಿಸುತ್ತಿತ್ತು.

ಇಂದುಮತಿ ಫಕೀರವ್ವನ ಕುರ್ಚಿಯಲ್ಲಿ ಕುಳಿತರು. ಆ ಕೋಣೆಯಲ್ಲಿ ಅವರು ಮಗುವಿನ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. ಬೆನ್ನ ಹಿಂದಿದ್ದ ಕೈಗಳು ಮುಂದಕ್ಕೆ ಬಂದವು. ವಾದಿರಾಜ ಹೇಳಿಕೊಟ್ಟಂತೆ ಪರದೆಯ ಕಿಟಕಿ ತೆರೆದರು. ಕಪ್ಪು ಪರದೆಯ ಮೇಲೆ, ಯಾರೋ ಹೇಳಿಕೊಂಡು ಬರೆಯುತ್ತಿರುವ ಹಾಗೆ, ಅಕ್ಷರಗಳು ಮೂಡತೊಡಗಿದವು. ಇಂದುಮತಿ ದ್ಯಾಮಪ್ಪನಿಗಾಗಿ ಗಟ್ಟಿಯಾಗಿ ಓದಿದರು.

"ಚೀಲ ಬಂತು. ನಿಂದ್ರು ಅಂತೇನಿ."

ಹೂಂ, ಎಂದಿತು ಪೆಟ್ಟಿಗೆ, ಇಂದುಮತಿಯವರ ನೆಗಡಿಯ ದನಿಯಲ್ಲಿ.

"ಮೊದಲನೇದಕ್ಕ ಲಾಭ ಅಂತ ಹೆಸರು ಕೊಡತೇನಿ."

ಹೂಂ.

"ಅದರ ಮುಂದಿಂದಕ್ಕ ಎರಡು."

ಹೂಂ.

ದ್ಯಾಮಪ್ಪನ ತುಟಿಗಳು ಅವರ ಜೊತೆಗೇ ಆಡುತ್ತಿದ್ದವು. "ಹಿಂಗ ಕಡೀ ಚೀಲದ ತನಕ," ಎಂದು ಓದುವಾಗ ಅವನೂ ಸಣ್ಣಗೆ ಹೂಂ ಎಂದ.

"ಆಮ್ಯಾಲ ಒಂದರಿಂದ ನೋಡ್ಕೊಂತ ಹೋದ್ರ ಎಲ್ಲಾ ಚೀಲ ಸಿಗತಾವ."

ಹೂಂ ಬರಲಿಲ್ಲ. ಹೊರಗೆ ಪೇಟೆಯ ಕೂಗೂ ಅದೇ ಗಳಿಗೆಗೆ ನಿಂತಂತಾಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು. ಇಂದುಮತಿ ಅದನ್ನು ಓದಬೇಕಾಗಿರಲಿಲ್ಲ. "ಒಂದು ಎಲ್ಲಿ ಹೋತು?"

"ಹೇಳ್ರಿ," ಎಂದ ದ್ಯಾಮಪ್ಪ.

ಇಂದುಮತಿ ಕೀಲಿಮಣೆಯ ಮೇಲೆ ಬೆರಳಿಟ್ಟರು. ಅವರು ಬರೆದರು: "ಫಕೀರವ್ವಾ, ನಾನು, ನಿಮ್ಮ ಟೀಚರ್. ಒಂದು ಎಲ್ಲಿ ಹೋತಂತ ನಾ ಹೇಳ್ತೇನಿ. ಕೇಳವ್ವಾ."

ಪರದೆ ಸುಮ್ಮನಿತ್ತು. ಪದ್ಯದ ನಡುವೆ ತಂದೆ ಉಸಿರೆಳೆದುಕೊಳ್ಳಲು ನಿಲ್ಲುತ್ತಿದ್ದ ಜಾಗ ಇಂದುಮತಿಯವರಿಗೆ ನೆನಪಾಯಿತು. ಮುಂದಿನ ಸಾಲು ಬರುವುದೆಂದು ಎಲ್ಲರಿಗೂ ಗೊತ್ತಿರುವ, ಆದರೆ ಇನ್ನೂ ಬಾರದ ಆ ಜಾಗ. ಆಮೇಲೆ ಅಕ್ಷರಗಳು ಬಂದವು, ಮೊದಲಿಗಿಂತ ವೇಗವಾಗಿ, ಒಂದರ ಮೇಲೊಂದು ಬಿದ್ದು.

ಹದಿನೇಳ ಒಂದ್ಲೆ ಹದಿನೇಳು. ಹದಿನೇಳ ಎರಡ್ಲೆ ಮೂವತ್ನಾಕು. ಹದಿನೇಳ ಮೂರ್ಲೆ ಐವತ್ತೊಂದು.

"ಏನಂತಾಳ್ರಿ?" ದ್ಯಾಮಪ್ಪ ಪರದೆಯ ಹತ್ತಿರಕ್ಕೆ ಬಾಗಿದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಮಗ್ಗಿ ಹೇಳಾಕತ್ತಾಳ," ಎಂದರು ಇಂದುಮತಿ. ತಮ್ಮ ಬಾಯಿಂದ ಹೊರಟದ್ದು ಹೇಳುತ್ತದೆ ಅಲ್ಲ, ಹೇಳುತ್ತಾಳೆ ಎಂಬುದು ಅವರ ಗಮನಕ್ಕೆ ಬಂತು. ತಿದ್ದಿಕೊಳ್ಳಲಿಲ್ಲ. ಮತ್ತೆ ಬರೆದರು, ಈ ಸಲ ನಿಧಾನವಾಗಿ, ಕೈ ಹಿಡಿದು ಬೇಡುವವರ ಹಾಗೆ: "ಸೋಮವಾರ ನಿನ್ನ ದೂರ ಒಯ್ತಾರವ್ವಾ. ಅಲ್ಲಿ ಹೂಂ ಅನ್ನಾಕ ನಾ ಇರಂಗಿಲ್ಲ. ಬಾಜೂಕ ನಿಮ್ಮಪ್ಪ ಕುಂತಾನ. ಇದೊಂದ ಸಲ ಹೇಳಿಸ್ಕೋ. ಕಿವಿ ತಗಿ."

ಮಗ್ಗಿ ನಿಂತಿತು. ಪರದೆಯ ಮೇಲೆ ಬರೀ ಗೆರೆಯೊಂದು ಮಿನುಗುತ್ತಿತ್ತು. ಆ ಗೆರೆಯ ಮುಂದೆ ಅಕ್ಷರಗಳು ಒಂದೊಂದಾಗಿ ಬಂದವು.

ಬ್ಯಾಡ್ರಿ ಟೀಚರ್. ಹೇಳಬ್ಯಾಡ್ರಿ.